ಗೆಳತಿ ದ್ವೀಪಕ್ಕೆ ಬಂದಾಗ: ಒಂದೇ ತೀರವನ್ನು ಎರಡು ಸಲ ತೋರಿಸಿ

ಮೊದಲ ಸಲ ನನ್ನ ಗೆಳತಿ ದ್ವೀಪಕ್ಕೆ ಬಂದಾಗ ನಾನು ಒಂದು ಹಾಳೆಯಲ್ಲಿ ಒಂಬತ್ತು ಜಾಗಗಳ ಹೆಸರು ಬರೆದಿಟ್ಟುಕೊಂಡಿದ್ದೆ. ಎರಡು ದಿನದಲ್ಲಿ ಒಂಬತ್ತನ್ನೂ ತೋರಿಸಿದೆ. ಮೂರನೇ ದಿನ ಬೆಳಿಗ್ಗೆ ಅವಳು ಮಂಚದ ಅಂಚಿನಲ್ಲಿ ಕೂತು ಎಡ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮಂಡಿ ಊದಿತ್ತು. "ಏನಿಲ್ಲ ಕಣೇ, ಸ್ವಲ್ಪ ಕೂತ್ರೆ ಸರಿಹೋಗತ್ತೆ" ಅಂದಳು.

ನಾನು 33 ವರ್ಷ ನರ್ಸ್ ಆಗಿದ್ದವಳು. ಅವಳೂ ಅಷ್ಟೇ. ಒಂದೇ ವಾರ್ಡಿನಲ್ಲಿ ಎಷ್ಟೋ ರಾತ್ರಿ ಒಟ್ಟಿಗೆ ಡ್ಯೂಟಿ ಮಾಡಿದ್ದೇವೆ. ರೋಗಿ "ಏನಿಲ್ಲ" ಅಂದರೆ ಏನೋ ಇದೆ ಅಂತ ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದವರು ನಾವೇ. ಹೊರಡುವ ದಿನ ದೋಣಿ ಹತ್ತುವ ಮುಂಚೆ ಅವಳು ಕೇಳಿದಳು: "ಆ ಕಪ್ಪು ಬಂಡೆ ಇತ್ತಲ್ಲ, ಅದು ಯಾವ ಬೀಚಿಂದು?" ಅವಳ ತಲೆಯಲ್ಲಿ ಒಂಬತ್ತೂ ಜಾಗಗಳು ಕಲಸಿಹೋಗಿದ್ದವು. ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಎರಡನೇ ಸಲ ಬಂದಾಗ ಮೂರೇ ಜಾಗ ತೋರಿಸಿದೆ. ಅದರಲ್ಲಿ ಒಂದು ತೀರವನ್ನು ಒಂದೇ ದಿನ ಎರಡು ಸಲ ತೋರಿಸಿದೆ. ನಿವೃತ್ತಿಯಾದ ಮೇಲೆ ದ್ವೀಪದಲ್ಲಿ ನೆಲೆಸಿ, ಹಳೆಯ ಸ್ನೇಹಿತರನ್ನು ಕರೆಸಿಕೊಳ್ಳುವ ಆಸೆ ಇರುವವರಿಗೆ ನಾನು ಹೇಳುವುದು ಇದನ್ನೇ. ಹೇಗೆ ಮಾಡಬೇಕು ಅನ್ನುವುದನ್ನು ಮುಂದೆ ಬರೆದಿದ್ದೇನೆ.

ಮೊದಲು ತಾರೀಖು. ಸ್ನೇಹಿತರು "ಯಾವಾಗ ಬರಲಿ?" ಅಂದಾಗ ಕ್ಯಾಲೆಂಡರಿನಲ್ಲಿ ರಜೆ ನೋಡಬೇಡಿ, ಚಂದ್ರನನ್ನು ನೋಡಿ. ನಿವೃತ್ತರಿಗೆ ಎಲ್ಲ ವಾರವೂ ಒಂದೇ ಅಲ್ವಾ? ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹೊತ್ತಿಗೆ ಕಡಲು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅದು ಜೋರಾಗುವುದು ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಬಂಡೆಗಳ ನಡುವಿನ ಜೀವಗಳನ್ನು ತೋರಿಸಬೇಕೆಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಎರಡು ಮೂರು ದಿನ ಒಳ್ಳೆಯದು. ನಾನು ಅಮಾವಾಸ್ಯೆಯನ್ನೇ ಆರಿಸುತ್ತೇನೆ, ಯಾಕೆಂದರೆ ರಾತ್ರಿ ನಕ್ಷತ್ರವೂ ಸಿಗುತ್ತದೆ.

ಆಮೇಲೆ ನಿಮ್ಮ ದ್ವೀಪದ ಉಬ್ಬರ ಇಳಿತದ ಪಟ್ಟಿ ತೆಗೆದುಕೊಂಡು ಗೋಡೆಗೆ ಅಂಟಿಸಿ. ಬಹಳಷ್ಟು ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೀಗೆ ಸರಿದು ಸರಿದು ಸುಮಾರು 15 ದಿನಕ್ಕೆ ಮತ್ತೆ ಅದೇ ಗಂಟೆಗೆ ಬಂದು ನಿಲ್ಲುತ್ತದೆ. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರಿನಷ್ಟು ಏರಿಳಿಯುವುದುಂಟು, ಮೆಡಿಟರೇನಿಯನ್ ಸಮುದ್ರದ ಹೆಚ್ಚಿನ ಕಡೆ ಏರಿಳಿತ ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಬೇರೆ ಊರಿನ ಪಟ್ಟಿ ನಿಮಗೆ ಬೇಡ. ನಿಮ್ಮದೇ ಬೇಕು.

ಸ್ನೇಹಿತರು ಹೊರಡುವ ಮುಂಚೆ ಫೋನಿನಲ್ಲಿ ಒಂದಷ್ಟು ವಿಷಯ ಕೇಳಲೇಬೇಕು. ಸಂಕೋಚ ಬೇಡ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಇರುವ ದಿನಕ್ಕಿಂತ ನಾಲ್ಕೈದು ದಿನದ ಮಾತ್ರೆ ಹೆಚ್ಚಿಗೆ ತರಲು ಹೇಳಿ. ಗಾಳಿ ಎದ್ದರೆ ದೋಣಿ ಎರಡು ದಿನ ನಿಲ್ಲಬಹುದು. ಆಗ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದರೆ ಪಕ್ಕದ ಅಂಗಡಿಗೆ ಓಡುವ ಹಾಗಿಲ್ಲ. ಎಲ್ಲ ಮಾತ್ರೆಗಳನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಮಾತ್ರೆಗಳ ಹೆಸರು ಬರೆದ ಚೀಟಿ ಒಂದು ನಿಮ್ಮ ಹತ್ತಿರವೂ ಇರಲಿ.

ದೋಣಿಯಲ್ಲಿ ಹೊಟ್ಟೆ ತೊಳಸುವ ಅಭ್ಯಾಸ ಇದೆಯಾ ಅಂತಲೂ ಕೇಳಿ. ಇದ್ದರೆ ಹೊರಡುವ ದಿನ ಹಗುರವಾಗಿ ತಿನ್ನಲಿ, ಖಾಲಿ ಹೊಟ್ಟೆಯಲ್ಲಿ ಬರುವುದೂ ಬೇಡ. ದೋಣಿಯ ನಡುಭಾಗದಲ್ಲಿ, ಕೆಳಗಡೆ ಕೂರಲಿ. ಅಲ್ಲಿ ಓಲಾಟ ಕಡಿಮೆ. ಮೊಬೈಲು ನೋಡದೆ ದೂರದ ಬಾನಂಚು ನೋಡಲಿ. ಒಳಗಿವಿ "ಅಲ್ಲಾಡುತ್ತಿದೆ" ಅನ್ನುತ್ತದೆ, ಮೊಬೈಲು ನೋಡುವ ಕಣ್ಣು "ಇಲ್ಲ" ಅನ್ನುತ್ತದೆ. ಆ ಜಗಳದಿಂದಲೇ ವಾಂತಿ ಬರುವುದು. ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ವಾಕರಿಕೆ ಶುರುವಾದ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ಆದರೆ ಈ ಮಾತ್ರೆಗಳು ವಯಸ್ಸಾದವರಿಗೆ ಮಂಪರು ತರುತ್ತವೆ. ಗ್ಲಾಕೋಮಾ ಇರುವವರಿಗೆ, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಕೆಲವು ಆಗಿಬರುವುದಿಲ್ಲ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಲಿ. ಸಾಧ್ಯವಾದರೆ ಬೆಳಗಿನ ದೋಣಿಗೇ ಬರಲು ಹೇಳಿ. ಬಿಸಿಲೇರಿ ನೆಲ ಕಾದ ಮೇಲೆ ಕಡಲ ಗಾಳಿ ಎದ್ದು ಮಧ್ಯಾಹ್ನದ ನೀರು ಒರಟಾಗುತ್ತದೆ.

ಬಂದ ದಿನ ಏನೂ ತೋರಿಸಬೇಡಿ. ನನಗೆ ಇದು ಕಷ್ಟವಾಯಿತು. ಕಾದು ಕಾದು ಬಂದ ಗೆಳತಿ, ತಕ್ಷಣ ಕೈ ಹಿಡಿದು ಕರೆದುಕೊಂಡು ಹೋಗಬೇಕು ಅನಿಸುತ್ತದೆ. ಆದರೆ ಅವಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದಿರುತ್ತಾಳೆ. ಮನೆ ತೋರಿಸಿ, ಅಷ್ಟು ಸಾಕು. ಮುಖ್ಯವಾಗಿ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯನ್ನು ಹಗಲಲ್ಲೇ ಒಂದು ಸಲ ನಡೆಸಿ. ರಾತ್ರಿ ಅಲ್ಲೊಂದು ಸಣ್ಣ ದೀಪ ಉರಿಯುತ್ತಿರಲಿ. ಕಾಲೊರಸು ಜಾರುವಂತಿದ್ದರೆ ತೆಗೆದುಬಿಡಿ. ಹೊಸ ಮನೆಯಲ್ಲಿ, ಕತ್ತಲಲ್ಲಿ, ಅರೆನಿದ್ದೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನಾನು ವಾರ್ಡಿನಲ್ಲಿ ತುಂಬ ನೋಡಿದ್ದೇನೆ.

ನಿಮ್ಮದು ಬಾವಿ ನೀರಾದರೆ ಅದರ ಕಥೆಯನ್ನೂ ಹೇಳಿ. ಮಳೆ ನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪು ನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. "ನೀರು ಕಮ್ಮಿ ಬಳಸು" ಅಂದರೆ ಬಂದವರಿಗೆ ಬೇಸರವಾಗಬಹುದು. ಈ ವಿಷಯ ಹೇಳಿದರೆ ಅವರೇ ನಲ್ಲಿ ನಿಲ್ಲಿಸುತ್ತಾರೆ. ನನ್ನ ಗೆಳತಿಯಂತೂ ಬಾವಿಗೆ ಬಗ್ಗಿ ನೋಡಿ, "ಇದರ ಕೆಳಗೆ ಸಮುದ್ರ ಇದೆಯಾ!" ಅಂತ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಎರಡನೇ ದಿನ ತೀರ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅವಳು ಎರಡನೇ ಸಲ ಬಂದಾಗ ಆ ದಿನದ ಇಳಿತ ಬೆಳಿಗ್ಗೆ 9:30ಕ್ಕೆ, ಉಬ್ಬರ ಮಧ್ಯಾಹ್ನ 3:45ಕ್ಕೆ. ನಾವು ಮನೆ ಬಿಟ್ಟದ್ದು 8 ಗಂಟೆಗೆ. ಇಳಿತಕ್ಕೆ ಒಂದು ಒಂದೂವರೆ ಗಂಟೆ ಮುಂಚೆ ಹೋಗಿ, ಇಳಿಯುವ ನೀರಿನ ಹಿಂದೆಯೇ ನಡೆಯಬೇಕು. ಪಟ್ಟಿಯಲ್ಲಿ ಬರೆದ ಇಳಿತದ ಹೊತ್ತು ಬಂತೋ, ಮುಖ ಮನೆ ಕಡೆಗೆ ತಿರುಗಬೇಕು. ಈ ನಿಯಮವನ್ನು ನಾನು ಮೊದಲ ಭೇಟಿಯಲ್ಲಿ ಮುರಿದಿದ್ದೆ. ಇಳಿತ ಕಳೆದು ಒಂದು ಗಂಟೆ ಆದಮೇಲೆ ಅವಳನ್ನು ಬಂಡೆಯ ಮೂತಿಯ ಆಚೆಗೆ ಕರೆದುಕೊಂಡು ಹೋದೆ. "ನೀರು ಇನ್ನೂ ದೂರ ಇದೆ" ಅಂದುಕೊಂಡಿದ್ದೆ. ವಾಪಸ್ ಬರುವಾಗ ದಾರಿಯಲ್ಲಿ ಮಂಡಿಯುದ್ದ ನೀರು ನಿಂತಿತ್ತು. ಇಬ್ಬರೂ ಕೈ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಹುಡುಕಿ ದಾಟಿದೆವು. ಅವಳ ಮಂಡಿ ತಿರುಚಿದ್ದು ಅಲ್ಲೇ ಇರಬೇಕು.

ನಾನು ತಪ್ಪಿದ್ದು ಎಲ್ಲಿ ಅಂದರೆ, ನೀರು ಒಂದೇ ವೇಗದಲ್ಲಿ ಏರುತ್ತದೆ ಅಂದುಕೊಂಡದ್ದು. ಹಾಗೆ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಅಂದರೆ ಅರ್ಧ ನೀರು ನಡುವಿನ ಎರಡೇ ಗಂಟೆಯಲ್ಲಿ ಬರುತ್ತದೆ. ಮೊದಲ ಗಂಟೆಯ ನಿಧಾನ ನೋಡಿ ಮೋಸ ಹೋಗುತ್ತೇವೆ. ಇದು ದಿನಕ್ಕೆರಡು ಉಬ್ಬರ ಇರುವ ಕಡೆಯ ಅಂದಾಜು ಲೆಕ್ಕ. ಆದರೂ ಪ್ರಾಣ ಉಳಿಸುವ ಲೆಕ್ಕ.

ನಡೆಯುವುದು ಒದ್ದೆ ಮರಳಿನ ಮೇಲೆ. ಒಣ ಮರಳಿನಲ್ಲಿ ಕಾಲು ಹೂತುಹೋಗಿ, ಗಟ್ಟಿ ನೆಲಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಶ್ರಮ ಬೇಕಾಗುತ್ತದೆ. ತೀರ ಇಳಿಜಾರಾಗಿದ್ದರೆ ಒಂದು ಕಾಲು ಯಾವಾಗಲೂ ಕೆಳಗೆ ಇರುತ್ತದೆ, ಸೊಂಟ ಮತ್ತು ಮಂಡಿ ನೋಯುತ್ತವೆ. ಸಮತಟ್ಟಾದ ಜಾಗ ಹುಡುಕಿ. ಬಂಡೆಗಳ ಮೇಲೆ ಹಸಿರು ಪಾಚಿ ಕಂಡರೆ ಕಾಲಿಡಬೇಡಿ. ಬರಿಗಾಲು ಬೇಡ, ಬಂಡೆಗೆ ಅಂಟಿದ ಸಣ್ಣ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ ಕಾಲು ಕೊಯ್ದದ್ದೇ ಗೊತ್ತಾಗದಿರಬಹುದು. ಮನೆಗೆ ಬಂದ ಮೇಲೆ ಅವರ ಅಂಗಾಲು ನೀವೇ ನೋಡಿ.

ನೀರು, ಟೋಪಿ, ತೋಳು ಮುಚ್ಚುವ ಬಟ್ಟೆ ಮರೆಯಬೇಡಿ. ವಯಸ್ಸಾದ ಹಾಗೆ ಬಾಯಾರಿಕೆ ಗೊತ್ತಾಗುವುದು ಕಡಿಮೆಯಾಗುತ್ತದೆ. "ನನಗೆ ಬಾಯಾರಿಲ್ಲ" ಅಂದರೂ ಆಗಾಗ ಒಂದೆರಡು ಗುಟುಕು ಕುಡಿಸಿ. ಆದರೆ ನೀರು ಇಷ್ಟೇ ಕುಡಿಯಬೇಕು ಅಂತ ಡಾಕ್ಟರು ಹೇಳಿರುವ ಹೃದಯದ, ಕಿಡ್ನಿಯ ಕಾಯಿಲೆಯವರಾದರೆ ಆ ಅಳತೆಯನ್ನೇ ಪಾಲಿಸಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತವೆ. ಮರಳು, ನೊರೆ ಎರಡೂ ಬಿಸಿಲನ್ನು ತಿರುಗಿ ಮುಖಕ್ಕೆ ಎಸೆಯುತ್ತವೆ, ಹಾಗಾಗಿ ಛತ್ರಿಯೊಂದೇ ಸಾಲದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಯಿತು ಅಂದರೆ ಮನೆಗೆ ಹೊರಡುವ ಹೊತ್ತು.

ಈಗ ಏನು ತೋರಿಸಬೇಕು? ಒಂದು ಬಂಡೆಯ ಪಕ್ಕ ನಿಲ್ಲಿ. ಸುಮ್ನೆ ನಿಲ್ಲಿ. ಸಾಧ್ಯವಾದರೆ ಮಡಚುವ ಸಣ್ಣ ಸ್ಟೂಲು ಒಂದು ಹಿಡಿದುಕೊಂಡು ಹೋಗಿ, ಕೂತು ನೋಡಲಿ. ಬಂಡೆಯ ಮೇಲೆ ಪಟ್ಟಿ ಪಟ್ಟಿಯಾಗಿ ಬಣ್ಣ ಬದಲಾಗಿರುತ್ತದೆ. ಎಲ್ಲಕ್ಕಿಂತ ಮೇಲೆ ಒಣ ಕಲ್ಲು, ಕೆಳಗೆ ಕಪ್ಪು ಪಟ್ಟಿ, ಅದರ ಕೆಳಗೆ ಬಿಳಿ ಚಿಪ್ಪುಗಳ ಸಾಲು, ಕೊನೆಗೆ ಪಾಚಿ. ಎಷ್ಟು ಹೊತ್ತು ನೀರಿಲ್ಲದೆ ತಡೆಯಬಲ್ಲೆ ಅನ್ನುವುದರ ಮೇಲೆ ಪ್ರತಿ ಜೀವವೂ ತನ್ನ ಜಾಗ ಹಿಡಿದಿದೆ. ಗುಂಡಿಯಲ್ಲಿ ಕೊಂಚ ಹೊತ್ತು ನೆರಳು ಬೀಳಿಸದೆ ನೋಡಿದರೆ ಖಾಲಿ ಶಂಖವೊಂದು ನಡೆಯಲು ಶುರು ಮಾಡುತ್ತದೆ. ಅದು ಸನ್ಯಾಸಿ ಏಡಿ. ಬೆಳೆದ ಹಾಗೆ ಅದಕ್ಕೆ ದೊಡ್ಡ ಶಂಖ ಬೇಕು. ಅದಕ್ಕೇ ತೀರದ ಶಂಖಗಳನ್ನು ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಳ್ಳಬೇಡಿ ಅಂತ ಸ್ನೇಹಿತರಿಗೆ ಹೇಳಿ. ಅದು ಯಾರದೋ ಮುಂದಿನ ಮನೆ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೆಯೇ ಮೆಲ್ಲಗೆ ವಾಪಸ್ ಇಡಿ.

ನನ್ನ ಮೆಚ್ಚಿನದು ಮಾತ್ರ ಬೇರೆ. ಪುಟ್ಟ ಟೋಪಿಯಂಥ ಚಿಪ್ಪು ಹೊತ್ತು ಬಂಡೆಗೆ ಕಚ್ಚಿಕೊಂಡಿರುವ ಹುಳು. ಬಸವನಹುಳುವಿನ ಬಳಗದ್ದು, ಲಿಂಪೆಟ್ ಅನ್ನುತ್ತಾರೆ. ಇದರ ಹಲವು ಜಾತಿಗಳು ಪಾಚಿ ಮೇಯಲು ಆಚೆ ಹೋಗಿ, ಮತ್ತೆ ಅದೇ ಜಾಗಕ್ಕೆ ಮರಳುತ್ತವೆ. ಹತ್ತಿರದ ಜಾಗಕ್ಕಲ್ಲ, ಅದೇ ಜಾಗಕ್ಕೆ. ಚಿಪ್ಪಿನ ಅಂಚು ಮತ್ತು ಆ ಕಲ್ಲು ಒಂದಕ್ಕೊಂದು ಸರಿಯಾಗಿ ಕೂರುವಷ್ಟು ಸವೆದಿರುತ್ತವೆ. ಹಾಗೆ ಬಿಗಿಯಾಗಿ ಕೂತರೆ ಒಳಗಿನ ತೇವ ಆರುವುದಿಲ್ಲ. ಗೆಳತಿಗೆ ಒಂದನ್ನು ತೋರಿಸಿದೆ, ಬಂಡೆಯ ಸೀಳಿನಿಂದ ಎರಡು ಬೆರಳು ಆಚೆ ಇತ್ತು. ಅವಳು ಕೈ ಹತ್ತಿರ ಒಯ್ದಳು, ಮುಟ್ಟಲಿಲ್ಲ. "ಇದು ಇಲ್ಲೇ ಇರತ್ತಾ ಯಾವಾಗ್ಲೂ?" ಅಂದಳು. ಇಬ್ಬರೂ ನಿವೃತ್ತರಾದ ಮೇಲೆ ಎಲ್ಲಿರಬೇಕು ಅಂತ ಬಹಳ ಯೋಚಿಸಿದವರು. ನಾನು ಇಲ್ಲಿಗೆ ಬಂದೆ, ಅವಳು ಮಗನ ಊರಿಗೆ ಹೋದಳು. ಆ ಪ್ರಶ್ನೆ ಹುಳುವಿನದು ಮಾತ್ರ ಅಲ್ಲ ಅನಿಸಿತು. ಉತ್ತರ ಹೇಳದೆ ಪಕ್ಕದಲ್ಲಿ ಕೂತೆ.

ಮಧ್ಯಾಹ್ನ ಮಲಗಿ. ಅವಳಿಗೆ ನಿದ್ದೆ ಬರದಿದ್ದರೂ ಒಂದು ಗಂಟೆ ಒಬ್ಬಳೇ ಇರಲು ಬಿಡಿ.

ನಾಲ್ಕು ಗಂಟೆಗೆ ಅದೇ ತೀರಕ್ಕೆ ಮತ್ತೆ ಕರೆದುಕೊಂಡು ಹೋದೆ. ಮರದ ನೆರಳಿನಲ್ಲಿ ನಿಂತು ಅವಳು ಹುಡುಕಿದಳು. ನಾವು ಕೂತಿದ್ದ ಜಾಗ ಇಲ್ಲ. ಬಂಡೆಯ ತಲೆ ಮಾತ್ರ ಕಾಣುತ್ತಿತ್ತು. "ಏ, ನಮ್ಮ ಬಂಡೆ ಎಲ್ಲಿ ಹೋಯ್ತೇ?" ಅಂದಳು. "ನಮ್ಮ ಬಂಡೆ" ಅಂದಳು. ಮೊದಲ ಭೇಟಿಯ ಒಂಬತ್ತು ಜಾಗಗಳಲ್ಲಿ ಒಂದನ್ನೂ ಅವಳು ನಮ್ಮದು ಅಂದಿರಲಿಲ್ಲ. ಇಳಿತದಲ್ಲಿ ಹತ್ತಿರದಿಂದ ನೋಡಿದ್ದನ್ನೇ ಉಬ್ಬರದಲ್ಲಿ ದೂರದಿಂದ ನೋಡಿದಾಗ, ನೀರಿನ ಕೆಳಗೆ ಏನೇನಿದೆ ಅಂತ ಅವಳಿಗೆ ಗೊತ್ತಿತ್ತು. ಈಗ ಆ ಹುಳು ಮೇಯಲು ಹೊರಟಿರಬಹುದು ಅಂತ ಹೇಳಿದೆ.

ಉಬ್ಬರದಲ್ಲಿ ನೀರಿಗಿಳಿಯುವ ಆಸೆ ಆದರೆ ಕಾಲು ಮುಳುಗುವಷ್ಟು ಸಾಕು. ಅಲೆಗಳ ಸಾಲಿನ ನಡುವೆ ಒಂದು ಕಡೆ ಅಲೆಯೇ ಒಡೆಯದೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ಶಾಂತವಾಗಿ ಕಾಣುವುದೇ ಅಪಾಯ, ನೀರು ಅಲ್ಲಿಂದ ಒಳಗೆ ಸೆಳೆಯುತ್ತಿರಬಹುದು. ಸಿಕ್ಕಿಕೊಂಡರೆ ದಡದ ಕಡೆಗೆ ಸೆಣಸದೆ, ತೇಲಿಕೊಂಡು, ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು. ಮರಳಿನಲ್ಲಿ ಬಿದ್ದಿರುವ ಲೋಳೆಮೀನು ಸತ್ತಿದ್ದರೂ ಕುಟುಕಬಲ್ಲದು, ಕೋಲಿನಿಂದ ತೋರಿಸಿ ಸಾಕು.

ಸಂಜೆಗೆ ಪಡುವಣ ದಿಕ್ಕಿನ ತೀರ ಇದ್ದರೆ ಒಂದು ಆಟ ಆಡಿ. ಒಬ್ಬರು ಮರಳಿನ ಮೇಲೆ ಕೂರಲಿ, ಇನ್ನೊಬ್ಬರು ನಿಲ್ಲಲಿ. ಕಡಲು ಶಾಂತವಾಗಿರಬೇಕು. ಸೂರ್ಯ ಪೂರ್ತಿ ಕೆಂಪಾಗಿ ಕೊನೆಯ ಅಂಚು ಮುಳುಗುವಾಗ ಮಾತ್ರ ನೋಡಿ. ಕೂತವರಿಗೆ ಮುಳುಗಿದ ಮೇಲೂ ನಿಂತವರಿಗೆ ಎರಡು ಮೂರು ಸೆಕೆಂಡು ಸೂರ್ಯ ಕಾಣುತ್ತದೆ. ನಿಂತವರ ಬಾನಂಚು ಸ್ವಲ್ಪ ಆಚೆಗಿದೆ, ಅಷ್ಟೇ. ನಿಂತವರ ಕಣ್ಣಿಗೆ ಬಾನಂಚು ಸುಮಾರು ನಾಲ್ಕೂವರೆ ಕಿಲೋಮೀಟರು ದೂರ. 40 ಮೀಟರು ಎತ್ತರದ ದೀಪಸ್ತಂಭದ ಮೇಲಿನಿಂದ ಸುಮಾರು 22 ಕಿಲೋಮೀಟರು. ಅವಳು ಕೂತಿದ್ದಳು, ನಾನು ನಿಂತಿದ್ದೆ. "ಹೋಯ್ತು" ಅಂದಳು. "ಇನ್ನೂ ಇದೆ" ಅಂದೆ.

ಮೂರನೇ ದಿನಕ್ಕೆ ಎತ್ತರದ ಒಂದು ಜಾಗ ಇಟ್ಟುಕೊಳ್ಳಿ. ದೀಪಸ್ತಂಭಕ್ಕೆ ಒಳಗೆ ಬಿಡುವುದಾದರೆ ಮೊದಲು ಮೆಟ್ಟಿಲು ಎಷ್ಟು ಅಂತ ಕೇಳಿ. ಹತ್ತುವಾಗ ಎದೆಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ಮೇಲೆ ಹೋದವರು ಇಳಿಯಲೇಬೇಕಲ್ಲ. ಅನುಮಾನ ಇದ್ದರೆ ಕೆಳಗೇ ನಿಂತು ನೋಡಿ, ತಪ್ಪೇನಿಲ್ಲ. ನಾವು ಕೆಳಗೇ ನಿಂತೆವು. ರಾತ್ರಿ ಅಂಗಳದಿಂದ ಅದರ ಬೆಳಕು ತಿರುಗುವುದನ್ನು ಎಣಿಸಿದೆವು. ಪ್ರತಿ ದೀಪಸ್ತಂಭಕ್ಕೂ ತನ್ನದೇ ಲಯ ಇದೆ, ಆ ಎಣಿಕೆಯಿಂದಲೇ ನಾವಿಕರು ಇದು ಯಾವುದು ಅಂತ ಗುರುತಿಸುತ್ತಾರೆ. ಸಣ್ಣ ದೀಪದ ಬೆಳಕನ್ನು ಅಷ್ಟು ದೂರ ಒಯ್ಯುವ ಮೆಟ್ಟಿಲು ಮೆಟ್ಟಿಲಾದ ಗಾಜಿನ ಮಸೂರವನ್ನು ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗೆ ತಂದರು. ನೈಟ್ ಡ್ಯೂಟಿಯಲ್ಲಿ ನಾಡಿ ಎಣಿಸಿದ ಹಾಗೆಯೇ ಅವಳು ಕೈಗಡಿಯಾರ ಹಿಡಿದು ಎಣಿಸಿದಳು. ಎರಡು ಸಲ ಎಣಿಸಿ ನೋಡಿಯೇ ನನಗೆ ಹೇಳಿದಳು.

ಚಂದ್ರನಿಲ್ಲದ ರಾತ್ರಿ ಕೆಲವೊಮ್ಮೆ ಅಲೆ ಒಡೆಯುವಾಗ ನೀಲಿ ಹೊಳಪು ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಕಲಕಿದಾಗ ಬೆಳಗುತ್ತವೆ. ಇದನ್ನು ಮೊದಲೇ ಆಸೆ ತೋರಿಸಬೇಡಿ. ಕಂಡರೆ ಎಬ್ಬಿಸಿ, ಕಾಣದಿದ್ದರೆ ಮಲಗಲಿ. ನಮಗೆ ಕಾಣಲಿಲ್ಲ.

ಹೊರಡುವ ದಿನದ ಬೆಳಿಗ್ಗೆಗೆ ಏನೂ ಇಟ್ಟುಕೊಳ್ಳಬೇಡಿ. ಕೊನೆಯ ದೋಣಿಗೆ ಕಾಯದೆ, ಅದಕ್ಕಿಂತ ಮುಂಚಿನದಕ್ಕೆ ಕಳಿಸಿ. ಮುಂಚಿನದು ಬರದಿದ್ದರೆ ಇನ್ನೊಂದಾದರೂ ಇರುತ್ತದೆ. ಅರ್ಧ ಗಂಟೆ ಮೊದಲೇ ದಕ್ಕೆಗೆ ಹೋದರೆ ನಡುಭಾಗದ ಸೀಟು ಸಿಗುತ್ತದೆ. ನೀರು ತೀರ ಇಳಿದಿರುವಾಗ ದಕ್ಕೆಯಿಂದ ದೋಣಿಗೆ ಇಳಿಯುವ ಎತ್ತರ ಜಾಸ್ತಿ, ಅದನ್ನೂ ಪಟ್ಟಿಯಲ್ಲಿ ನೋಡಿಕೊಳ್ಳಿ. ಅವಳ ಚೀಲ ನೀವು ಹಿಡಿದುಕೊಳ್ಳಿ. ದೋಣಿ ಹತ್ತುವಾಗ ಅವಳ ಎರಡೂ ಕೈ ಖಾಲಿ ಇರಬೇಕು.

ಅವಳು ಹೋಗಿ ಹದಿಮೂರು ದಿನ ಆಗಿತ್ತು. ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ಹೇಗಿದ್ದೀಯ ಅಂತಲೂ ಕೇಳಲಿಲ್ಲ. "ನಮ್ಮ ಹುಳು ಮನೇಲಿದೆಯಾ ನೋಡಿ ಹೇಳೇ" ಅಂದಳು. ಗೋಡೆಯ ಪಟ್ಟಿ ನೋಡಿದೆ. ಇಳಿತ 9:40ಕ್ಕೆ ಇತ್ತು. ಟೋಪಿ ಹಾಕಿಕೊಂಡು ಹೋದೆ. ಬಂಡೆಯ ಸೀಳಿನಿಂದ ಎರಡು ಬೆರಳು ಆಚೆ, ಅಲ್ಲೇ ಇತ್ತು.